660 ಡಿಗ್ರಿಗೆ ಕರಗುವ ಅಲ್ಯೂಮಿನಿಯಂ 250 ಡಿಗ್ರಿಗೇ ಯಾಕೆ ಕೈಕೊಡುತ್ತದೆ? ಸಿಲಿಂಡರ್ ಹೆಡ್ ಬಗ್ಗೆ ಒಂದು ಪ್ರಶ್ನೆ

ಗ್ಯಾರೇಜ್ ಹುಡುಗ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನು ಮೆಕ್ಯಾನಿಕಲ್ ಕೊನೆಯ ವರ್ಷದಲ್ಲಿದ್ದೇನೆ. ನಮ್ಮ ಸೋದರಮಾವ ಎಂಜಿನ್ ರೀಬೋರ್ ವರ್ಕ್‌ಶಾಪ್ ಇಟ್ಟುಕೊಂಡಿದ್ದಾರೆ. ರಜೆ ಬಂದರೆ ನಾನು ಅಲ್ಲೇ ಇರುತ್ತೇನೆ.

ಅಲ್ಲಿಗೆ ಬರುವ ಡೀಸೆಲ್ ಕಾರುಗಳ ಅಲ್ಯೂಮಿನಿಯಂ ಸಿಲಿಂಡರ್ ಹೆಡ್‌ಗಳಲ್ಲಿ, ಅಂದರೆ ಸಿಲಿಂಡರ್‌ಗಳ ಮೇಲೆ ಕೂರುವ ಮುಚ್ಚಳದಂಥ ಎರಕದಲ್ಲಿ, ಮತ್ತೆ ಮತ್ತೆ ಒಂದೇ ಜಾಗದಲ್ಲಿ ಬಿರುಕು ಕಾಣುತ್ತದೆ. ಎರಡು ವಾಲ್ವ್ ಸೀಟುಗಳ ನಡುವೆ ಒಂದು ಕಿರಿದಾದ ಪಟ್ಟಿ ಇರುತ್ತದಲ್ಲ, ಅಲ್ಲೇ. ಬರಿಗಣ್ಣಿಗೆ ಏನೂ ಗೊತ್ತಾಗುವುದಿಲ್ಲ. ಬಿರುಕಿನೊಳಗೆ ಇಳಿಯುವ ಕೆಂಪು ಬಣ್ಣ (ಪೆನೆಟ್ರಂಟ್) ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಒರೆಸಿ, ಮೇಲೆ ಬಿಳಿ ಡೆವಲಪರ್ ಹೊಡೆದರೆ ಗೆರೆ ಎದ್ದು ಬರುತ್ತದೆ. ಮಾವ ಅದನ್ನು ನೋಡಿದ ತಕ್ಷಣ "ಬ್ರಿಡ್ಜ್ ಹೋಗಿದೆ" ಅನ್ನುತ್ತಾರೆ. ಗಿರಾಕಿಗೆ ಹೊಸ ಹೆಡ್‌ನ ರೇಟು ಹೇಳುವುದು ಅವರಿಗೂ ಕಷ್ಟದ ಕೆಲಸ.

ನನಗೆ ಅರ್ಥವಾಗದೇ ಇರುವುದು ಇಷ್ಟು. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಗೆ. ಹೆಡ್‌ನ ಆ ಜಾಗ ಎಷ್ಟು ಕಾದರೂ 250ರ ಆಸುಪಾಸು ಅಂತ ಓದಿದೆ. ಇನ್ನೂ 400 ಡಿಗ್ರಿ ಬಾಕಿ ಇದೆ ಅಲ್ವಾ? ಮತ್ತೆ ಯಾಕೆ ಸೋಲುತ್ತದೆ? ಜಾಸ್ತಿ ಬಿಸಿಗೆ ಕರಗುವ ನಿಕ್ಕಲ್ಲೋ ಟೈಟಾನಿಯಮ್ಮೋ ಸ್ವಲ್ಪ ಬೆರೆಸಿದರೆ ಗಟ್ಟಿಯಾಗುವುದಿಲ್ಲವೇ?

ಪ್ರಾಜೆಕ್ಟ್ ಇದರ ಮೇಲೇ ಮಾಡಬೇಕು ಅಂತ ಆಸೆ ಇದೆ. ಮಾವನ ಹತ್ತಿರ ಹಳೇ ಪಿಸ್ಟನ್‌ಗಳ ರಾಶಿಯೇ ಇದೆ. ಅದನ್ನು ಕರಗಿಸಿ ಏನಾದರೂ ಸೇರಿಸಬಹುದೇ? ನಮ್ಮ ಗೈಡ್ "ಸುಮ್ನೆ ಎಲ್‌ಎಂ25ಗೆ ಹಾರುಬೂದಿ ಹಾಕಿ ಸ್ಟರ್ ಕಾಸ್ಟಿಂಗ್ ಮಾಡಿ ಮುಗಿಸಿ" ಅನ್ನುತ್ತಿದ್ದಾರೆ, ಅಂದರೆ ಮಾಮೂಲಿ ಅಲ್ಯೂಮಿನಿಯಂ ಮಿಶ್ರಲೋಹ ಕರಗಿಸಿ, ಕಲ್ಲಿದ್ದಲಿನ ಬೂದಿ ಹಾಕಿ ಕಲಕಿ ಎರಕ ಹೊಯ್ಯುವುದು. ತಿಳಿದವರು ದಯವಿಟ್ಟು ದಾರಿ ತೋರಿಸಿ.

ಎರಕಶಾಲೆ, ಬೆಳಗಾವಿ

ನಾನು ಉದ್ಯಮಬಾಗ್ ಕಡೆಯ ಒಂದು ಫೌಂಡ್ರಿಯಲ್ಲಿ ಲ್ಯಾಬ್ ನೋಡಿಕೊಳ್ಳುತ್ತೇನೆ. ನಮ್ಮ ಊರಿನ ಫೌಂಡ್ರಿಗಳಲ್ಲಿ ಹೆಚ್ಚಿನವು ಬೀಡು ಕಬ್ಬಿಣದವು, ಆದರೆ ನಾನಿರುವ ಕಡೆ ಅಲ್ಯೂಮಿನಿಯಂ ಗ್ರಾವಿಟಿ ಡೈ (ಕರಗಿದ ಲೋಹ ತನ್ನ ಭಾರದಿಂದಲೇ ಲೋಹದ ಅಚ್ಚಿಗೆ ಇಳಿಯುವಂತೆ ಹೊಯ್ಯುವ) ಕೆಲಸ. ನಿಮ್ಮ ಪ್ರಶ್ನೆ ನನಗೆ ಬಹಳ ಹತ್ತಿರದ್ದು, ಹಾಗಾಗಿ ಉತ್ತರ ಉದ್ದವಾಗುತ್ತದೆ.

ಮೊದಲು ಆ 400 ಡಿಗ್ರಿ ಬಾಕಿಯ ಲೆಕ್ಕ. ಲೋಹದ ಒಳಗಿನ ಪರಮಾಣುಗಳಿಗೆ ಸೆಲ್ಸಿಯಸ್ ಗೊತ್ತಿಲ್ಲ. ಕೆಲ್ವಿನ್‌ನಲ್ಲಿ ಲೆಕ್ಕ ಹಾಕಿ. ಅಲ್ಯೂಮಿನಿಯಂ ಕರಗುವುದು 933 ಕೆಲ್ವಿನ್‌ಗೆ. 250 ಡಿಗ್ರಿ ಅಂದರೆ 523 ಕೆಲ್ವಿನ್. ಅಂದರೆ ಕರಗುವ ಬಿಸಿಯ ಶೇ. 56ರಷ್ಟು ಆಗಲೇ ಬಂದಾಯಿತು. ಕಬ್ಬಿಣ ಕರಗುವುದು 1811 ಕೆಲ್ವಿನ್‌ಗೆ. ಅದರ ಶೇ. 56 ತೆಗೆದರೆ ಸುಮಾರು 740 ಡಿಗ್ರಿ ಸೆಲ್ಸಿಯಸ್. ಕಬ್ಬಿಣ 740ರಲ್ಲಿ ಕೆಂಪಗೆ ಹೊಳೆಯುತ್ತಿರುತ್ತದೆ. ಆ ಸ್ಥಿತಿಯ ಕಬ್ಬಿಣದ ಮೇಲೆ ಯಾರೂ ಭಾರ ಹೊರಿಸುವುದಿಲ್ಲ. ಅಲ್ಯೂಮಿನಿಯಂ ಹೊಳೆಯದೇ ಇರುವುದರಿಂದ ನಮಗೆ ಗೊತ್ತಾಗುವುದಿಲ್ಲ, ಅಷ್ಟೇ. ಈ ಮಟ್ಟಕ್ಕೆ ಬಂದ ಲೋಹದಲ್ಲಿ ಪರಮಾಣುಗಳು ಜಾಗ ಬಿಟ್ಟು ಓಡಾಡಲು ಶುರು ಮಾಡಿರುತ್ತವೆ.

ಇನ್ನು ಅದಕ್ಕೆ ಬಲ ಎಲ್ಲಿಂದ ಬರುತ್ತದೆ ಅನ್ನುವುದು. ಹೆಡ್ ಎರಕಕ್ಕೆ ತುಂಬಾ ಕಡೆ ಬಳಸುವುದು ಎ356 ಅನ್ನುವ ಅಲ್ಯೂಮಿನಿಯಂ ಮಿಶ್ರಲೋಹ, ನಮ್ಮ ಕಡೆ ಎಲ್‌ಎಂ25 ಅನ್ನುವುದೂ ಹೆಚ್ಚುಕಮ್ಮಿ ಅದೇ. ಸಿಲಿಕಾನ್ ಶೇ. 7, ಮೆಗ್ನೀಷಿಯಂ ಶೇ. ಅರ್ಧಕ್ಕಿಂತ ಕಡಿಮೆ. ಎರಕ ಹೊಯ್ದ ಮೇಲೆ ಅದನ್ನು 540 ಡಿಗ್ರಿಯಲ್ಲಿ ಗಂಟೆಗಟ್ಟಲೆ ಇಟ್ಟು, ನೀರಿಗೆ ಅದ್ದಿ, ಆಮೇಲೆ 160ರ ಸುತ್ತಮುತ್ತ ಇನ್ನೊಂದಷ್ಟು ಗಂಟೆ ಇಡುತ್ತೇವೆ. ಈ ಎರಡನೇ ಹಂತದಲ್ಲಿ, ಅಂದರೆ ಏಜಿಂಗ್‌ನಲ್ಲಿ, ಮೆಗ್ನೀಷಿಯಂ ಮತ್ತು ಸಿಲಿಕಾನ್ ಸೇರಿ ಕೆಲವೇ ನ್ಯಾನೋಮೀಟರ್ ಗಾತ್ರದ ಕಣಗಳಾಗುತ್ತವೆ. ಲೋಹ ಬಗ್ಗುವುದು ಅಂದರೆ ಒಳಗೆ ಪರಮಾಣುಗಳ ಸಾಲು ಜಾರುವುದು. ಈ ಕಣಗಳು ದಾರಿಗೆ ಅಡ್ಡ ನಿಂತು ಜಾರಲು ಬಿಡುವುದಿಲ್ಲ. ಕಣಗಳು ಸಣ್ಣವಾಗಿ, ಹತ್ತಿರ ಹತ್ತಿರ ಇದ್ದರೆ ಲೋಹ ಗಟ್ಟಿ.

ಈಗ ಆ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ನಾವು ಏಜಿಂಗ್ ಮಾಡುವ ಬಿಸಿ 160. ವಾಲ್ವ್ ಬ್ರಿಡ್ಜ್ ಕಾಣುವ ಬಿಸಿ 250. ಕಾರು ಓಡುವಾಗಲೆಲ್ಲ ನಮ್ಮ ಹೀಟ್ ಟ್ರೀಟ್‌ಮೆಂಟ್ ಅಲ್ಲಿ ಮುಂದುವರಿಯುತ್ತಲೇ ಇರುತ್ತದೆ, ನಿಲ್ಲಿಸುವವರು ಯಾರೂ ಇಲ್ಲ. ಬಿಸಿ ಸಾರಿನ ಮೇಲೆ ತೇಲುವ ಸಣ್ಣ ಸಣ್ಣ ಎಣ್ಣೆ ಹನಿಗಳು ಕೂಡಿ ಕೂಡಿ ಕೆಲವೇ ದೊಡ್ಡ ಹನಿಗಳಾಗುತ್ತವಲ್ಲ, ಕಣಗಳ ಕಥೆಯೂ ಅಲ್ಲಿಗೇ ಬಂದು ನಿಲ್ಲುತ್ತದೆ. ಸಣ್ಣ ಕಣ ಕರಗಿ ಅದರ ಪರಮಾಣುಗಳು ದೊಡ್ಡ ಕಣಕ್ಕೆ ಹೋಗಿ ಸೇರುತ್ತವೆ. ಒಟ್ಟು ಮೆಗ್ನೀಷಿಯಂ ಅಷ್ಟೇ ಇರುತ್ತದೆ, ಆದರೆ ಕಣಗಳ ನಡುವೆ ದೊಡ್ಡ ದೊಡ್ಡ ಖಾಲಿ ಜಾಗ. ಎ356ನ ತುಂಡನ್ನು 250ರಲ್ಲಿ ತುಂಬಾ ದಿನ ಇಟ್ಟು, ಅದೇ ಬಿಸಿಯಲ್ಲಿ ಎಳೆದು ನೋಡಿದರೆ ಮೊದಲಿನ ಬಲದ ಅರ್ಧವೂ ಉಳಿದಿರುವುದಿಲ್ಲ.

ನಿಮ್ಮ ಮಾವ ತೋರಿಸುವ ಬಿರುಕು ಹುಟ್ಟುವುದು ಇಲ್ಲಿಂದಲೇ. ಬ್ರಿಡ್ಜ್ ಕಾದಾಗ ಹಿಗ್ಗಲು ನೋಡುತ್ತದೆ. ಸುತ್ತಲಿನ ಲೋಹದ ಪಕ್ಕದಲ್ಲೇ ನೀರು ಹರಿಯುತ್ತಿರುತ್ತದೆ. ಅದು ತಣ್ಣಗಿರುತ್ತದೆ, ಹಿಗ್ಗಲು ಬಿಡುವುದಿಲ್ಲ. ಮೆತ್ತಗಾದ ಬ್ರಿಡ್ಜ್ ಒಳಗೊಳಗೇ ಜಜ್ಜಿಕೊಳ್ಳುತ್ತದೆ. ಎಂಜಿನ್ ಆಫ್ ಮಾಡಿದ ಮೇಲೆ ಕುಗ್ಗುವಾಗ ಅದು ಮೊದಲಿಗಿಂತ ಗಿಡ್ಡ. ಈಗ ಸುತ್ತಲಿನ ಲೋಹ ಅದನ್ನು ಎಳೆಯುತ್ತದೆ. ಪ್ರತಿ ಸ್ಟಾರ್ಟ್, ಪ್ರತಿ ಆಫ್‌ಗೆ ಇದೇ ಜಜ್ಜಾಟ, ಎಳೆದಾಟ. ಎರಕದಲ್ಲಿ ಅಲ್ಲೇ ಒಂದು ಗಾಳಿ ತೂತು ಇದ್ದರೆ ಬಿರುಕಿಗೆ ಶುರುವಾಗಲು ಜಾಗ ಸಿಕ್ಕಂತೆ.

ಆದ್ದರಿಂದ ಬೆರೆಸುವ ಲೋಹ ಎಷ್ಟು ಬಿಸಿಗೆ ಕರಗುತ್ತದೆ ಅನ್ನುವುದು ಮುಖ್ಯ ಅಲ್ಲ. ಅದರಿಂದ ಹುಟ್ಟುವ ಕಣ 300 ಡಿಗ್ರಿಯಲ್ಲೂ ಸಣ್ಣದಾಗಿಯೇ ಉಳಿಯುತ್ತದಾ, ಕೇಳಬೇಕಾದ್ದು ಅದು. ಉಳಿಯಬೇಕಾದರೆ ಆ ಪರಮಾಣು ಅಲ್ಯೂಮಿನಿಯಂ ಒಳಗೆ ನಿಧಾನವಾಗಿ ಚಲಿಸುವಂಥದ್ದಾಗಿರಬೇಕು, ಅಥವಾ ಅಲ್ಯೂಮಿನಿಯಂನಲ್ಲಿ ಕರಗಲೇಬಾರದು. ನೂರು ವರ್ಷದಿಂದ ಜನ ಹುಡುಕುತ್ತಿರುವುದು ಇದನ್ನೇ.

ಏಜಿಂಗ್ ಅನ್ನು ಕಂಡುಹಿಡಿದದ್ದು ಜರ್ಮನಿಯ ಆಲ್ಫ್ರೆಡ್ ವಿಲ್ಮ್, 1906ರಲ್ಲಿ. ಮೊದಲನೇ ಮಹಾಯುದ್ಧದ ಕಾಲಕ್ಕೆ ವಿಮಾನದ ಎಂಜಿನ್‌ಗೆ ಕಾವು ತಡೆಯುವ ಪಿಸ್ಟನ್ ಬೇಕಾಯಿತು. ಇಂಗ್ಲೆಂಡಿನ ಟೆಡಿಂಗ್ಟನ್‌ನ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯಲ್ಲಿ ವಾಲ್ಟರ್ ರೋಸೆನ್‌ಹೈನ್ ಅವರ ತಂಡ ತಾಮ್ರ ಶೇ. 4, ನಿಕ್ಕಲ್ ಶೇ. 2, ಮೆಗ್ನೀಷಿಯಂ ಶೇ. 1.5 ಬೆರೆಸಿ "ವೈ ಅಲಾಯ್" ಮಾಡಿತು. ನೀವು ಕೇಳಿದ ನಿಕ್ಕಲ್ ಅಲ್ಲಿಂದಲೇ ಬಂದದ್ದು. ನಿಕ್ಕಲ್ ಗಟ್ಟಿ ಅನ್ನುವ ಕಾರಣಕ್ಕೆ ಹಾಕಿದ್ದಲ್ಲ. ಅದು ಅಲ್ಯೂಮಿನಿಯಂನಲ್ಲಿ ಕರಗುವುದು ತೀರಾ ಕಡಿಮೆ, ಅದರ ಕಣಗಳು ಬಿಸಿಗೆ ಸುಲಭವಾಗಿ ಬೆಳೆಯುವುದಿಲ್ಲ. ಅದೇ ಮನೆತನದ ಮುಂದಿನ ಕುಡಿ ಆರ್‌ಆರ್58. ಕಾಂಕಾರ್ಡ್ ವಿಮಾನದ ಮೈ ಅದರಿಂದಲೇ ಆದದ್ದು. ಶಬ್ದದ ಎರಡು ಪಟ್ಟು ವೇಗದಲ್ಲಿ ಹೋಗುವಾಗ ಅದರ ಮೂಗು 127 ಡಿಗ್ರಿಗೆ ಕಾಯುತ್ತಿತ್ತು, ಅದಕ್ಕಿಂತ ಜೋರಾಗಿ ಹಾರಿಸಲು ಬಿಡದೇ ಇದ್ದದ್ದೂ ಈ ಅಲ್ಯೂಮಿನಿಯಂನ ಮಿತಿಯೇ. ಇವತ್ತು ರೇಸ್ ಕಾರುಗಳ ಫೋರ್ಜ್ಡ್ ಪಿಸ್ಟನ್‌ಗೆ ಬಳಸುವ 2618 ಕೂಡ ಹೆಚ್ಚುಕಡಿಮೆ ಅದೇ.

ನಿಮ್ಮ ಮಾವನ ರಾಶಿಯಲ್ಲಿರುವ ಸಾಮಾನ್ಯ ಪಿಸ್ಟನ್‌ಗಳು ಬೇರೆ ಜಾತಿಯವು. ಎಲ್‌ಎಂ13 ಥರದವು, ಸಿಲಿಕಾನ್ ಶೇ. 12ರ ಹತ್ತಿರ, ಜೊತೆಗೆ ತಾಮ್ರ, ಮೆಗ್ನೀಷಿಯಂ, ನಿಕ್ಕಲ್ ಒಂದೊಂದು ಶೇಕಡಾ. ಅಲ್ಲಿ ಸಿಲಿಕಾನ್‌ನ ಮುಖ್ಯ ಕೆಲಸ ಹಿಗ್ಗುವುದನ್ನು ಕಡಿಮೆ ಮಾಡುವುದು, ಸವೆತ ತಡೆಯುವುದು. ಒಂದು ಡೀಸೆಲ್ ಪಿಸ್ಟನ್ ಸಿಕ್ಕರೆ ಹ್ಯಾಕ್‌ಸಾದಲ್ಲಿ ಉದ್ದಕ್ಕೆ ಕತ್ತರಿಸಿ ನೋಡಿ. ಮೊದಲನೇ ರಿಂಗ್‌ನ ಗ್ರೂವ್ ಇರುವ ಕಡೆ ಬೇರೆ ಬಣ್ಣದ ಒಂದು ಬಳೆ ಕಂಡರೆ ಅದು ನೈ-ರೆಸಿಸ್ಟ್ ಅನ್ನುವ ನಿಕ್ಕಲ್ ಬೀಡು. ಅಲ್ಯೂಮಿನಿಯಂ ಗ್ರೂವ್ ಆ ಬಿಸಿಗೆ ಬೇಗ ಸವೆಯುತ್ತದೆ ಅಂತ ಅದನ್ನು ಎರಕದಲ್ಲೇ ಕೂರಿಸಿರುತ್ತಾರೆ. ಬೇರೆ ಬೀಡು ಬಿಟ್ಟು ಅದನ್ನೇ ಆರಿಸಲು ಕಾರಣ, ಅದು ಹಿಗ್ಗುವ ಪ್ರಮಾಣ ಪಿಸ್ಟನ್ ಅಲ್ಯೂಮಿನಿಯಂಗೆ ಹತ್ತಿರ.

ಈಗಿನ ಕೆಲಸಕ್ಕೆ ಬರೋಣ. ನಿಧಾನವಾಗಿ ಚಲಿಸುವ ಪರಮಾಣು ಅಂದರೆ ಜಿರ್ಕೋನಿಯಂ, ಸ್ಕ್ಯಾಂಡಿಯಂ. ಸ್ಕ್ಯಾಂಡಿಯಂ ಅದ್ಭುತವಾಗಿ ಕೆಲಸ ಮಾಡುತ್ತದೆ, ಆದರೆ ಬೆಲೆ ಕೇಳಿದರೆ ಕಾರಿನ ಹೆಡ್‌ಗೆ ಯಾರೂ ಹಾಕುವುದಿಲ್ಲ. ಜಿರ್ಕೋನಿಯಂ ಅಗ್ಗ, ಆದರೆ ಗಟ್ಟಿ (ದ್ರವವಲ್ಲದ) ಅಲ್ಯೂಮಿನಿಯಂನಲ್ಲಿ ಶೇ. 0.28ಕ್ಕಿಂತ ಜಾಸ್ತಿ ಕರಗುವುದಿಲ್ಲ. ಅಷ್ಟರಿಂದ ಹುಟ್ಟುವ ಕಣಗಳು ಒಂಟಿಯಾಗಿ ಸಾಕಷ್ಟು ಬಲ ಕೊಡುವುದಿಲ್ಲ. ಇಲ್ಲಿಗೆ ನಮ್ಮ ಬೆಂಗಳೂರಿನ ಐಐಎಸ್‌ಸಿಯ ಕೆಲಸ ಬರುತ್ತದೆ. ಕಾಮನಿಯೊ ಚಟ್ಟೋಪಾಧ್ಯಾಯ ಅವರ ತಂಡ 2017ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಒಂದು ಒಳ್ಳೆಯ ಉಪಾಯ ಇದೆ. ಮೊದಲು ಜಿರ್ಕೋನಿಯಂ ಕಣಗಳನ್ನು ಹುಟ್ಟಿಸಿಕೊಳ್ಳುವುದು. ಆಮೇಲೆ ತಾಮ್ರದ ಕಣಗಳು ಆ ಜಿರ್ಕೋನಿಯಂ ಕಣಗಳ ಮೈಮೇಲೇ ಮೊಳೆಯುವಂತೆ ಹೀಟ್ ಟ್ರೀಟ್‌ಮೆಂಟ್‌ನ ಸರದಿಯನ್ನು ಹೊಂದಿಸುವುದು. ತಾಮ್ರದ ಕಣಕ್ಕೆ ಜಿರ್ಕೋನಿಯಂ ಆಸರೆ. ಬಿಸಿಯಲ್ಲೂ ಬೇಗ ಹಾಳಾಗುವುದಿಲ್ಲ. ಕರ್ನಾಟಕದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇದನ್ನು ಓದಲೇಬೇಕು ಅನ್ನುವುದು ನನ್ನ ಆಸೆ.

ಅಮೆರಿಕದ ಓಕ್ ರಿಜ್ ನ್ಯಾಷನಲ್ ಲ್ಯಾಬೊರೇಟರಿ, ಕಾರು ಕಂಪನಿ ಫಿಯೆಟ್ ಕ್ರೈಸ್ಲರ್ ಮತ್ತು ಎಂಜಿನ್ ಎರಕದ ಕಂಪನಿ ನೆಮಾಕ್ ಜೊತೆ ಸೇರಿ ಮಾಡಿದ ಎಸಿಎಂಜೆಡ್ ಮಿಶ್ರಲೋಹವೂ ತಾಮ್ರದ ದಾರಿಯದ್ದೇ. ತಾಮ್ರ, ಮ್ಯಾಂಗನೀಸ್, ಜಿರ್ಕೋನಿಯಂ. ಮ್ಯಾಂಗನೀಸ್ ಮತ್ತು ಜಿರ್ಕೋನಿಯಂ ಪರಮಾಣುಗಳು ತಾಮ್ರದ ಕಣದ ಅಂಚಿಗೆ ಹೋಗಿ ಕೂರುತ್ತವೆ, ಕಣ ಬೆಳೆಯಲು ಬಿಡುವುದಿಲ್ಲ. ಹಾಗಾಗಿ ಅದು 300 ಡಿಗ್ರಿಯಲ್ಲೂ ನಿಲ್ಲುತ್ತದೆ. ಒಂದು ಷರತ್ತು ಇದೆ, ಅದನ್ನು ನೀವು ಗಮನಿಸಬೇಕು. ಇದರಲ್ಲಿ ಸಿಲಿಕಾನ್ ತೀರಾ ಕಡಿಮೆ ಇರಬೇಕು. ಶೇ. 12 ಸಿಲಿಕಾನ್ ಇರುವ ಹಳೇ ಪಿಸ್ಟನ್ ಕರಗಿಸಿ ಈ ದಾರಿ ಹಿಡಿಯಲು ಆಗುವುದೇ ಇಲ್ಲ.

ಮೂರನೆಯದು ಸೀರಿಯಂ. ಓಕ್ ರಿಜ್, ಏಮ್ಸ್, ಲಿವರ್‌ಮೋರ್ ಲ್ಯಾಬ್‌ಗಳು ಎಕ್ ಇಂಡಸ್ಟ್ರೀಸ್ ಅನ್ನುವ ಫೌಂಡ್ರಿ ಜೊತೆ ಮಾಡಿದ್ದು. ಸೀರಿಯಂ ಗಟ್ಟಿ ಅಲ್ಯೂಮಿನಿಯಂನಲ್ಲಿ ಕರಗುವುದೇ ಇಲ್ಲ ಅನ್ನಬಹುದು, ಆದ್ದರಿಂದ ಎರಕದಲ್ಲೇ ಹುಟ್ಟಿದ ಅದರ ಕಣ ಬಿಸಿಯಲ್ಲಿ ಹಾಗೇ ಇರುತ್ತದೆ. 540 ಡಿಗ್ರಿಯ ಹೀಟ್ ಟ್ರೀಟ್‌ಮೆಂಟೇ ಬೇಡ. ನಮ್ಮಂಥ ಫೌಂಡ್ರಿಗೆ ಇದು ದೊಡ್ಡ ಮಾತು. ಆ ಕುಲುಮೆಯ ಕರೆಂಟ್ ಬಿಲ್ಲು, ನೀರಿಗೆ ಅದ್ದಿದಾಗ ಸೊಟ್ಟಗಾಗುವ ಎರಕ, ಎರಡರ ಕಾಟವೂ ತಪ್ಪುತ್ತದೆ. ಮ್ಯಾಗ್ನೆಟ್‌ಗೆ ನಿಯೋಡೈಮಿಯಂ ತೆಗೆಯುವಾಗ ಸೀರಿಯಂ ಜೊತೆಗೇ ಬರುತ್ತದೆ, ಬೇಡಿಕೆ ಕಡಿಮೆ. ಕೇರಳದ ಚವರದ ಕರಾವಳಿ ಮರಳಿನ ಮೊನಜೈಟ್‌ನಲ್ಲೂ ವಿರಳ ಧಾತುಗಳ ಪೈಕಿ ಅದರ ಪಾಲೇ ಜಾಸ್ತಿ. ಕೋಣೆಯ ಬಿಸಿಯಲ್ಲಿ ಬರೀ ಸೀರಿಯಂ ಮಿಶ್ರಲೋಹದ ಬಲ ಸಾಧಾರಣ, ಅದೊಂದು ಕೊರತೆ. ಆದರೂ ನಮ್ಮ ದೇಶದಲ್ಲಿ ಇದರ ಮೇಲೆ ಇನ್ನೂ ಜಾಸ್ತಿ ಕೆಲಸ ಆಗಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಹಾರುಬೂದಿಯ ಬಗ್ಗೆ ನೇರವಾಗಿ ಹೇಳುತ್ತೇನೆ. ಬೇಡ. ಅಂಥ ಪ್ರಾಜೆಕ್ಟ್ ವರದಿಗಳು ನನ್ನ ಕೈಗೆ ಬರುತ್ತವೆ. ಎಲ್ಲದರಲ್ಲೂ ಕೋಣೆಯ ಬಿಸಿಯಲ್ಲಿ ಹಾರ್ಡ್‌ನೆಸ್ ನೋಡಿ, ಶೇ. 10, 15 ಜಾಸ್ತಿ ಆಯಿತು ಅಂತ ಬರೆದು ಮುಗಿಸಿರುತ್ತಾರೆ. 250ರಲ್ಲಿ ನೂರು ಗಂಟೆ ಇಟ್ಟು ನೋಡಿದವರನ್ನು ನಾನು ಕಂಡಿಲ್ಲ. ಎಂಜಿನ್‌ಗೆ ಬೇಕಾದ ಉತ್ತರ ಇರುವುದು ಆ ನೂರು ಗಂಟೆಯ ಆಚೆ.

ಹಳೇ ಲೇತ್, ಮೈಸೂರು

ಮೇಡಂ ಹೇಳಿದ್ದು ನನ್ನ ಕೈಗೆ ಬಹಳ ವರ್ಷದಿಂದ ಗೊತ್ತಿರುವ ಮಾತು. ಹೆಡ್ ಫೇಸಿಂಗ್, ಅಂದರೆ ಸೊಟ್ಟಗಾದ ಹೆಡ್‌ನ ತಳ ಕೆತ್ತಿ ಸಮ ಮಾಡುವುದು, ನನ್ನ ಕಸುಬು. ಓವರ್‌ಹೀಟ್ ಆದ ಹೆಡ್‌ಗೆ ಕಟರ್ ಇಟ್ಟರೆ ಚಿಪ್ ಬರುವ ರೀತಿಯೇ ಬೇರೆ. ಒಳ್ಳೆಯ ಹೆಡ್‌ನಲ್ಲಿ ಚೂರು ಚೂರಾಗಿ ಹಾರುತ್ತದೆ, ಮೆತ್ತಗಾದದ್ದರಲ್ಲಿ ಕಟರ್ ತುದಿಗೆ ಅಂಟಿಕೊಂಡು ಮೇಲ್ಮೈ ಹರಿದಂತೆ ಕಾಣುತ್ತದೆ.

ತಮ್ಮಾ, ನಿಮ್ಮ ಮಾವನಿಗೆ ಹೇಳು, ಫೇಸಿಂಗ್‌ಗೆ ಮುಂಚೆ ಹಾರ್ಡ್‌ನೆಸ್ ನೋಡಲಿ. ಕೈಯಲ್ಲಿ ಹಿಡಿಯುವ ಪೋರ್ಟಬಲ್ ಟೆಸ್ಟರ್ ಸಿಗುತ್ತದೆ. ಸರಿಯಾಗಿರುವ ಹೆಡ್ ಬ್ರಿನೆಲ್ ಅನ್ನುವ ಗಡಸುತನದ ಅಳತೆಯಲ್ಲಿ 80ರ ಆಸುಪಾಸು ತೋರಿಸುತ್ತದೆ. 60ಕ್ಕಿಂತ ಕೆಳಗೆ ಬಂದಿದ್ದರೆ ನಾನು ಗಿರಾಕಿಗೆ ಬೇಡ ಅನ್ನುತ್ತೇನೆ. ಅದನ್ನು ಎಷ್ಟು ನೇರ ಮಾಡಿ ಕೊಟ್ಟರೂ ಬೋಲ್ಟ್ ಬಿಗಿ ಮಾಡಿದ ಜಾಗ ಒಳಕ್ಕೆ ಕುಸಿಯುತ್ತದೆ, ಗ್ಯಾಸ್ಕೆಟ್ ಮತ್ತೆ ಹೋಗುತ್ತದೆ. ಗಿರಾಕಿಯ ದುಡ್ಡು ಎರಡು ಸಲ ಹಾಳು.

ಹೆಡ್ ಮೆತ್ತಗಾಗಲು ಮಿಶ್ರಲೋಹವನ್ನೇ ದೂರಬೇಡಿ. ಬಹಳ ಸಲ ಕಾರಣ ಕೂಲಂಟ್ ಬದಲು ಬೋರ್‌ವೆಲ್ ನೀರು ಹಾಕಿರುವುದು. ಒಳಗಿನ ಜಾಕೆಟ್‌ನಲ್ಲಿ ಬಿಳೀ ಗಸಿ ಕಟ್ಟುತ್ತದೆ, ಲೋಹದ ಬಿಸಿ ನೀರಿಗೆ ಹೋಗುವುದಿಲ್ಲ. ಮೀಟರ್‌ನಲ್ಲಿ ಮುಳ್ಳು ಸರಿಯಾಗಿಯೇ ಇರುತ್ತದೆ, ಬ್ರಿಡ್ಜ್ ಮಾತ್ರ ಸುಡುತ್ತಿರುತ್ತದೆ.

ಪ್ರಾಜೆಕ್ಟ್‌ಗೆ ಬಿರುಕು ಬಿಟ್ಟ ಹೆಡ್ ಬೇಕಾದರೆ ನನ್ನಲ್ಲಿ ಇವೆ. ಗುಜರಿಗೆ ಹಾಕುವ ಬದಲು ಕೊಡುತ್ತೇನೆ.

ತಿರುಗುಚಕ್ರ, ಸ್ಟುಟ್‌ಗಾರ್ಟ್

ನಾನು ಶಿವಮೊಗ್ಗದವನು, ಇಲ್ಲಿ ಟರ್ಬೋಚಾರ್ಜರ್ (ಎಂಜಿನ್‌ನ ಹೊಗೆಯ ಬಲದಿಂದ ತಿರುಗಿ ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಸಾಧನ) ವಿಭಾಗದಲ್ಲಿ ಕೆಲಸ. ಟೈಟಾನಿಯಂ ಬಗ್ಗೆ ಕೇಳಿದ್ದೀರಿ, ಅದಕ್ಕೆ ಮಾತ್ರ ಸೇರಿಸುತ್ತೇನೆ.

ಅಲ್ಯೂಮಿನಿಯಂಗೆ ಟೈಟಾನಿಯಂ ಚಿಟಿಕೆಯಷ್ಟು ಹಾಕುವುದು ಎಲ್ಲಾ ಫೌಂಡ್ರಿಯಲ್ಲೂ ಇದೆ, ಆದರೆ ಅದು ಎರಕದ ಹರಳನ್ನು ಸಣ್ಣದು ಮಾಡಲು. ಬಿಸಿ ತಡೆಯುವ ಕೆಲಸಕ್ಕೆ ಬರುವುದು ಎರಡನ್ನೂ ಹೆಚ್ಚುಕಡಿಮೆ ಸಮಸಮ ಪರಮಾಣು ಲೆಕ್ಕದಲ್ಲಿ ಸೇರಿಸಿದ ಟೈಟಾನಿಯಂ ಅಲ್ಯೂಮಿನೈಡ್. ಟರ್ಬೋದ ಎಕ್ಸಾಸ್ಟ್ ಕಡೆಯ ಚಕ್ರವನ್ನು ಸಾಮಾನ್ಯವಾಗಿ ಇಂಕೊನೆಲ್ 713ರಂಥ ನಿಕ್ಕಲ್ ಮಿಶ್ರಲೋಹದಲ್ಲಿ ಮಾಡುತ್ತಾರೆ, ಸಾಂದ್ರತೆ 8ರ ಹತ್ತಿರ. ಅಲ್ಯೂಮಿನೈಡ್‌ದು ಸುಮಾರು 4. ತೂಕ ಅರ್ಧವಾದರೆ ಚಕ್ರ ಬೇಗ ವೇಗ ಹಿಡಿಯುತ್ತದೆ, ಆಕ್ಸಿಲರೇಟರ್ ಒತ್ತಿದ ಮೇಲೆ ಕಾಯುವ ಹೊತ್ತು ಕಡಿಮೆಯಾಗುತ್ತದೆ. 1999ರಲ್ಲಿ ಮಿತ್ಸುಬಿಷಿ ಲ್ಯಾನ್ಸರ್ ಇವೊಲ್ಯೂಷನ್ 6ರಲ್ಲಿ ಇದನ್ನು ಮಾರಾಟದ ಕಾರಿಗೇ ಹಾಕಿದರು. ಬೋಯಿಂಗ್ 787ರ ಜಿಇಎನ್‌ಎಕ್ಸ್ ಎಂಜಿನ್‌ನ ಹಿಂಭಾಗದ ಟರ್ಬೈನ್ ಎಲೆಗಳೂ ಇದರದ್ದೇ.

ಹಾಗಾದರೆ ಎಲ್ಲರೂ ಯಾಕೆ ಬಳಸುವುದಿಲ್ಲ? ತಣ್ಣಗಿರುವಾಗ ಇದು ಎಳೆದರೆ ಒಂದೆರಡು ಶೇಕಡಾ ಉದ್ದವಾಗುವಷ್ಟರಲ್ಲಿ ಮುರಿಯುತ್ತದೆ. ಎಲ್ಲಿಂದಲೋ ಒಂದು ತುಕ್ಕಿನ ಚೂರು ಬಂದು ಎಲೆಗೆ ಬಡಿದರೆ ಅಂಚು ಒಡೆಯುತ್ತದೆ. ಉಕ್ಕಿನ ಶಾಫ್ಟ್‌ಗೆ ನೇರವಾಗಿ ಫ್ರಿಕ್ಷನ್ ವೆಲ್ಡ್ ಮಾಡಿದರೆ ಬೆಸುಗೆಯಲ್ಲೇ ಬಿರುಕು. ನಡುವೆ ನಿಕ್ಕಲ್ ತುಂಡು ಇಡಬೇಕು, ಇಲ್ಲವೇ ಬ್ರೇಜಿಂಗ್. ಎರಕ ಹೊಯ್ಯುವಾಗ ಕರಗಿದ ಟೈಟಾನಿಯಂ ಮೂಸೆಯನ್ನೇ ತಿನ್ನುತ್ತದೆ. ಎಲ್ಲಾ ಸೇರಿ ಬೆಲೆ ಏರುತ್ತದೆ.

ಹಗುರ ಬೇಕು ಅಂದರೆ ಮೆಗ್ನೀಷಿಯಂ ಇದೆಯಲ್ಲ ಅಂತ ಮುಂದೆ ಕೇಳುತ್ತೀರಿ. ಬಿಎಂಡಬ್ಲ್ಯು ಎನ್52 ಎಂಜಿನ್‌ನಲ್ಲಿ 2004ರಿಂದ ಅದನ್ನು ಮಾಡಿ ತೋರಿಸಿದರು. ಬಿಸಿಗೆ ಜಗ್ಗದಂತೆ ಸ್ಟ್ರಾನ್ಷಿಯಂ ಸೇರಿಸಿದ ಎಜೆ62 ಮಿಶ್ರಲೋಹ. ಆದರೂ ಸಿಲಿಂಡರ್ ಮತ್ತು ನೀರು ಹರಿಯುವ ಭಾಗ ಅಲ್ಯೂಮಿನಿಯಂದೇ, ಮೆಗ್ನೀಷಿಯಂ ಅದರ ಹೊರಗಿನ ಕವಚ. ಕೂಲಂಟ್ ತಾಗಿದರೆ ಮೆಗ್ನೀಷಿಯಂ ಉಳಿಯುವುದಿಲ್ಲ. ಉಕ್ಕಿನ ಬೋಲ್ಟ್ ಹಾಕಿದರೂ ಕೊರೆತ ಶುರುವಾಗುತ್ತದೆ ಅಂತ ಅಲ್ಯೂಮಿನಿಯಂ ಬೋಲ್ಟ್ ಬಳಸಿದರು. ಅವನ್ನು ಒಮ್ಮೆ ಬಿಚ್ಚಿದರೆ ಮತ್ತೆ ಹಾಕುವಂತಿಲ್ಲ. ನಿಮ್ಮ ಮಾವನ ಶಾಪ್‌ಗೆ ಆ ಎಂಜಿನ್ ಬಂದರೆ ಇದು ನೆನಪಿರಲಿ.

ಗ್ಯಾರೇಜ್ ಹುಡುಗ, ದಾವಣಗೆರೆ

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಎಲ್ಲರಿಗೂ ಧನ್ಯವಾದ. ಕೆಲ್ವಿನ್ ಲೆಕ್ಕವನ್ನು ಮಾವನಿಗೆ ತೋರಿಸಿದೆ. ಮೈಸೂರಿನ ಅಣ್ಣಾ, ಹೆಡ್ ತೆಗೆದುಕೊಳ್ಳಲು ಖಂಡಿತ ಬರುತ್ತೇನೆ.

ಬೆಳಗಾವಿ ಮೇಡಂ, ನಿಮ್ಮ ಮಾತು ಕೇಳಿ ಹಾರುಬೂದಿ ಬಿಟ್ಟೆ, ಗೈಡ್ ಕೂಡ ಒಪ್ಪಿದರು. ಕಾಲೇಜಿನಲ್ಲಿ ಗ್ರಾಫೈಟ್ ಮೂಸೆಯ ಕರೆಂಟ್ ಕುಲುಮೆ ಇದೆ, 1000 ಡಿಗ್ರಿವರೆಗೆ ಹೋಗುತ್ತದೆ. ಬ್ರಿನೆಲ್ ಮೆಷಿನ್ ಇದೆ. ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಇಲ್ಲ. ಇಷ್ಟರಲ್ಲಿ ತಾಮ್ರ, ಮ್ಯಾಂಗನೀಸ್, ಜಿರ್ಕೋನಿಯಂ ದಾರಿ ಹಿಡಿಯಬಹುದೇ? ಏನು ತರಿಸಬೇಕು?

ಎರಕಶಾಲೆ, ಬೆಳಗಾವಿ

ಹಿಡಿಯಬಹುದು. ಆದರೆ ಮೊದಲ ಕೆಲಸಕ್ಕೆ ಏನನ್ನೂ ಕರಗಿಸಬೇಡಿ. ಮೈಸೂರಿನವರು ಕೊಡುವ ಹೆಡ್ ಒಂದನ್ನು ಬ್ರಿಡ್ಜ್ ಸೇರುವಂತೆ ಕತ್ತರಿಸಿ. ಬ್ರಿಡ್ಜ್‌ನಲ್ಲಿ, ಅಲ್ಲಿಂದ ದೂರ ದೂರಕ್ಕೆ, ಕೊನೆಗೆ ಬಿಸಿಯೇ ತಾಗದ ಮೂಲೆಯಲ್ಲಿ ಹಾರ್ಡ್‌ನೆಸ್ ನೋಡಿ, ಒಂದು ನಕ್ಷೆ ಮಾಡಿ. ಎಂಜಿನ್ ಅಷ್ಟು ವರ್ಷ ಎಲ್ಲೆಲ್ಲಿ ಎಷ್ಟು ಏಜಿಂಗ್ ಮಾಡಿದೆ ಅನ್ನುವುದು ನಿಮ್ಮ ಕಣ್ಣ ಮುಂದೆ ಇರುತ್ತದೆ. ಪ್ರಾಜೆಕ್ಟ್‌ಗೆ ಯಾಕೆ ಈ ವಿಷಯ ಅಂತ ಯಾರಾದರೂ ಕೇಳಿದರೆ ಆ ನಕ್ಷೆ ತೋರಿಸಿದರೆ ಸಾಕು.

ಆಮೇಲೆ ಸರ್ಟಿಫಿಕೇಟ್ ಇರುವ ಎಲ್‌ಎಂ25 ಇಂಗಾಟ್ (ಲೋಹದ ಗಟ್ಟಿ) ತಂದು, ಎರಕ ಹೊಯ್ದು, ಟಿ6 ಹದ (ಮೊದಲು ಹೇಳಿದ 540, ನೀರು, 160ರ ಸರದಿ) ಮಾಡಿ. ಸಣ್ಣ ತುಂಡುಗಳನ್ನು 150, 200, 250, 300 ಡಿಗ್ರಿಯಲ್ಲಿ ಇಟ್ಟು, ಒಂದು ಗಂಟೆ, ಹತ್ತು ಗಂಟೆ, ನೂರು ಗಂಟೆಗೆ ತೆಗೆದು ತಣ್ಣಗಾದ ಮೇಲೆ ಬ್ರಿನೆಲ್ ನೋಡಿ. ಇದು ನಿಮ್ಮ ಅಳತೆಗೋಲು. ಮಾವನ ಪಿಸ್ಟನ್ ತುಂಡುಗಳನ್ನೂ ಅದೇ ಕುಲುಮೆಗೆ ಪಕ್ಕದಲ್ಲಿ ಹಾಕಿ. ನಿಕ್ಕಲ್ ಇರುವುದಕ್ಕೂ ಇಲ್ಲದ್ದಕ್ಕೂ ವ್ಯತ್ಯಾಸ ನೀವೇ ನೋಡುತ್ತೀರಿ.

ಇನ್ನು ಹೊಸ ಮಿಶ್ರಲೋಹ. ಸಿಲಿಕಾನ್ ಇಲ್ಲದ ಶುದ್ಧ ಅಲ್ಯೂಮಿನಿಯಂ ಇಂಗಾಟ್ ಬೇಕು. ಒಳ್ಳೆಯ ವಿದ್ಯುತ್ ತಾಮ್ರದ ತಂತಿ, ಅಲ್ಯೂಮಿನಿಯಂ-ಮ್ಯಾಂಗನೀಸ್ ಮಾಸ್ಟರ್ ಅಲಾಯ್ (ಬೇಕಾದ ಧಾತು ಜಾಸ್ತಿ ಪ್ರಮಾಣದಲ್ಲಿ ಮೊದಲೇ ಬೆರೆತಿರುವ ಅಲ್ಯೂಮಿನಿಯಂ), ಅಲ್ಯೂಮಿನಿಯಂ-ಜಿರ್ಕೋನಿಯಂ ಮಾಸ್ಟರ್ ಅಲಾಯ್. ತಾಮ್ರ ಶೇ. 6-7, ಮ್ಯಾಂಗನೀಸ್ ಅರ್ಧ, ಜಿರ್ಕೋನಿಯಂ 0.2ರ ಹತ್ತಿರ ಇಟ್ಟುಕೊಳ್ಳಿ. ತಾಮ್ರ ಶೇ. 4-5ರಲ್ಲೇ ನಿಲ್ಲಿಸಿದರೆ ಎರಕ ಗಟ್ಟಿಯಾಗುವಾಗಲೇ ಮೂಲೆಗಳಲ್ಲಿ ಬಿರುಕು ಬಿಡುತ್ತದೆ. ಡೈಯಲ್ಲಿ ಸಿಲಿಕಾನ್ ಮಿಶ್ರಲೋಹ ಹರಿದಷ್ಟು ಸಲೀಸಾಗಿ ಇದು ಹರಿಯುವುದಿಲ್ಲ, ಆದ್ದರಿಂದ ಅಚ್ಚಿನಲ್ಲಿ ಚೂಪು ಮೂಲೆ ಬೇಡ, ಸಾದಾ ದುಂಡು ಸರಳು ಸಾಕು. ಹೊಸ ಮಿಶ್ರಲೋಹಗಳ ಪ್ರಬಂಧಗಳಲ್ಲಿ ಬಲದ ಗ್ರಾಫ್ ದೊಡ್ಡದಾಗಿ ಇರುತ್ತದೆ, ಅಚ್ಚಿನಲ್ಲಿ ತುಂಬುತ್ತದಾ ಇಲ್ಲವಾ ಅನ್ನುವುದು ಒಂದು ಸಾಲು. ಹೆಡ್‌ನಂಥ ತೆಳು ಗೋಡೆ, ಒಳಗೆ ನೀರಿನ ದಾರಿ ಇರುವ ಎರಕಕ್ಕೆ ಆ ಒಂದು ಸಾಲೇ ತೀರ್ಪು. ಸಿಲಿಕಾನ್ ಮಿಶ್ರಲೋಹಗಳು ಬಿಸಿಗೆ ಸೋತರೂ ಇಷ್ಟು ವರ್ಷ ಉಳಿದಿರುವುದು ಅವು ಎರಕಕ್ಕೆ ಒಗ್ಗುವುದರಿಂದಲೇ.

ಜಿರ್ಕೋನಿಯಂ 700 ಡಿಗ್ರಿಯ ದ್ರವ ಅಲ್ಯೂಮಿನಿಯಂನಲ್ಲಿ ಸರಿಯಾಗಿ ಬೆರೆಯುವುದಿಲ್ಲ, ಮೂಸೆಯ ತಳದಲ್ಲಿ ಕೂರುತ್ತದೆ. ಕರಗಿದ ಲೋಹವನ್ನು 800ರ ಮೇಲೆ ಒಯ್ದು ಚೆನ್ನಾಗಿ ಕಲಕಬೇಕು. ಅಷ್ಟು ಬಿಸಿ ಮಾಡಿದರೆ ಗಾಳಿಯ ತೇವದಿಂದ ಹೈಡ್ರೋಜನ್ ಎಳೆದುಕೊಳ್ಳುತ್ತದೆ. ದ್ರವ ಅಲ್ಯೂಮಿನಿಯಂ ಹಿಡಿದಿಡುವ ಹೈಡ್ರೋಜನ್, ಗಟ್ಟಿ ಅಲ್ಯೂಮಿನಿಯಂ ಹಿಡಿದಿಡುವುದರ ಸುಮಾರು 20 ಪಟ್ಟು. ಗಟ್ಟಿಯಾಗುವಾಗ ಅದೆಲ್ಲ ಹೊರಗೆ ಬರಬೇಕು, ಬರಲಾಗದೆ ತೂತಾಗಿ ಉಳಿಯುತ್ತದೆ. ನಮ್ಮ ಬೆಳಗಾವಿಯಲ್ಲಿ ಜುಲೈ ಮಳೆ ಹಿಡಿದರೆ ನಾನು ಪ್ರತಿ ಕುಲುಮೆಯಿಂದ ಒಂದು ಸಣ್ಣ ಬಟ್ಟಲು ಲೋಹ ತೆಗೆದು ವ್ಯಾಕ್ಯೂಮ್‌ನಲ್ಲಿ ಗಟ್ಟಿ ಮಾಡಿಸುತ್ತೇನೆ. ಒಳ್ಳೆಯ ಲೋಹವಾದರೆ ಮೇಲ್ಭಾಗ ಸ್ವಲ್ಪ ತಗ್ಗಾಗಿರುತ್ತದೆ, ಕತ್ತರಿಸಿದ ಮುಖ ಕನ್ನಡಿಯ ಹಾಗೆ ಒಂದೇ ಸಮ. ಗ್ಯಾಸ್ ಇದ್ದರೆ ತಲೆ ಉಬ್ಬಿರುತ್ತದೆ, ಕತ್ತರಿಸಿದರೆ ಒಳಗೆಲ್ಲ ಸೂಜಿಮೊನೆಯಿಂದ ಕಡಲೆಕಾಳಿನವರೆಗೆ ತೂತುಗಳು. ಅಂಥ ಲೋಹ ಅಚ್ಚಿಗೆ ಹೋಗಲು ನಾನು ಬಿಡುವುದಿಲ್ಲ. ನೀವೂ ಕಲಕಿದ ಮೇಲೆ ಬಿಸಿ ಇಳಿಸಿ, ಒಣ ಆರ್ಗಾನ್ ಅನ್ನು ಗ್ರಾಫೈಟ್ ಕೊಳವೆಯಿಂದ ತಳಕ್ಕೆ ಬಿಟ್ಟು ಗ್ಯಾಸ್ ತೆಗೆಯಿರಿ. ತೀರಾ ಕೆಳಗೆ ಇಳಿಸಬೇಡಿ, ಜಿರ್ಕೋನಿಯಂ ಮತ್ತೆ ಬೇರೆಯಾಗಿ ಕೂರುತ್ತದೆ.

ಕಬ್ಬಿಣದ ಸಟ್ಟುಗ, ಸರಳು ನೇರವಾಗಿ ಅದ್ದಬೇಡಿ. ಕಬ್ಬಿಣ ಅಲ್ಯೂಮಿನಿಯಂನಲ್ಲಿ ಕರಗಿ ಸೂಜಿಯಂಥ ಹರಳುಗಳಾಗುತ್ತದೆ, ಬಿರುಕಿಗೆ ಅದೇ ದಾರಿ. ಮೇಲೆ ಡೈ ಕೋಟ್ (ಅಚ್ಚಿಗೆ ಬಳಿಯುವ ರಕ್ಷಣೆಯ ಲೇಪ) ಬಳಿದು ಒಣಗಿಸಿ ಬಳಸಿ. ಎಲ್ಲಕ್ಕಿಂತ ಮುಖ್ಯ, ಇಂಗಾಟ್, ಅಚ್ಚು, ಸಟ್ಟುಗ ಯಾವುದೂ ಹಸಿ ಇರಬಾರದು. ಒಂದು ಹನಿ ನೀರು ಕರಗಿದ ಲೋಹದ ಕೆಳಗೆ ಸಿಕ್ಕಿಕೊಂಡರೆ ಲೋಹ ಸಿಡಿದು ಮುಖಕ್ಕೆ ಬರುತ್ತದೆ. ಎಲ್ಲವನ್ನೂ 200 ಡಿಗ್ರಿಗೆ ಕಾಯಿಸಿಕೊಂಡು, ಮುಖಕ್ಕೆ ಶೀಲ್ಡ್, ಕಾಲಿಗೆ ಚರ್ಮದ ಬೂಟು ಹಾಕಿಕೊಂಡು ಕೆಲಸ ಮಾಡಿ. ಒಬ್ಬರೇ ಹೊಯ್ಯಬೇಡಿ. ಇದರಲ್ಲಿ ರಾಜಿ ಬೇಡ.

ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಇಲ್ಲದಿದ್ದರೂ ನಡೆಯುತ್ತದೆ. ಕಣಗಳನ್ನು ನೀವು ನೋಡಲಾಗದು, ಆದರೆ ಅವು ಬೆಳೆದವಾ ಇಲ್ಲವಾ ಅನ್ನುವುದನ್ನು ನೂರು ಗಂಟೆಯ ಹಾರ್ಡ್‌ನೆಸ್ ಹೇಳುತ್ತದೆ. ಸ್ಪೆಕ್ಟ್ರೋದಲ್ಲಿ ಮಿಶ್ರಣದ ಅಂಶ ನೋಡಿಸಬೇಕಾದರೆ ಬಿಲ್ಲೆಗಳನ್ನು ನನಗೆ ಕಳಿಸಿ, ನಮ್ಮ ಮಾಲೀಕರನ್ನು ಕೇಳಿದ್ದೇನೆ, ಒಪ್ಪಿದ್ದಾರೆ. ಬಿಲ್ಲೆ 40 ಮಿಲಿಮೀಟರ್ ಅಗಲ ಇರಲಿ, ಒಂದು ಮುಖ ಲೇತ್‌ನಲ್ಲಿ ಒಣದಾಗಿ ತಿರುಗಿಸಿರಲಿ. ಕಟಿಂಗ್ ಆಯಿಲ್ ಹಾಕಬೇಡಿ, ರೀಡಿಂಗ್ ಕೆಡುತ್ತದೆ.